ಚಪ್ಪಲಿ ಇಟ್ಟ ಚೌಕಗಳು

ಆ ಚೌಕಗಳನ್ನು ಸುಣ್ಣದಲ್ಲಿ ಎಳೆದವನು ನಾನೇ. ಶಹಾಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ತೊಗರಿ ಒಣಹಾಕುವ ಸಿಮೆಂಟಿನ ಅಂಗಳವೊಂದಿದೆ. ಅದರ ಮೇಲೆ ಐವತ್ತು ಸಾಲು, ಸಾಲಿಗೆ ನಲವತ್ತು ಚೌಕ, ಒಂದೊಂದು ಚೌಕ ಎರಡೂವರೆ ಅಡಿ. ಒಬ್ಬರು ಕಾಲು ಮಡಿಸಿ ಕೂರುವಷ್ಟು ಜಾಗ. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆ ಹೊಲಗದ್ದೆ ಅಳೆಯುವ ಪರವಾನಗಿ ಭೂಮಾಪಕ ನಾನು. ಜನರನ್ನು ಕೂರಿಸಲು ನೆಲ ಅಳೆದದ್ದು ಅದೇ ಮೊದಲು. ಎರಡು ದಿನ ಹಿಡಿಯಿತು. ಒಂದು ಗೆರೆಯೂ ಸೊಟ್ಟ ಆಗಿರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದಕ್ಕೆ ಗೆರೆಗಳು ಕಾರಣವಲ್ಲ.

ಒಂದು ಕಂಪನಿ ಫೋನಿಗೆ ಹೊಸ ಸಾಫ್ಟ್‌ವೇರ್ ಮಾಡಿತ್ತು. ಕನ್ನಡದಲ್ಲಿ ಮಾತಾಡಿದರೆ ಅದು ನಿಮ್ಮ ದನಿಯನ್ನು ಗುರುತು ಹಿಡಿದು ತೆರೆದುಕೊಳ್ಳುತ್ತದೆ, ಬೇರೆ ಯಾರ ದನಿಗೂ ತೆರೆಯುವುದಿಲ್ಲ. ಹೆಬ್ಬೆಟ್ಟಿನ ಬದಲು ದನಿ. ಅವರು ನಮ್ಮ ಜಿಲ್ಲೆಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಹತ್ತಿ ಬಿಡಿಸಿ, ಕಳೆ ಕಿತ್ತು, ಭತ್ತದ ಸಸಿ ನೆಟ್ಟು ಬೆರಳಿನ ಗೆರೆ ಸವೆದುಹೋದವರು ಇಲ್ಲಿ ಓಣಿಗೊಬ್ಬರಲ್ಲ, ಮನೆಗೊಬ್ಬರು. ರೇಷನ್ ಅಂಗಡಿಯ ಮಷಿನ್ ಅವರನ್ನು ಒಪ್ಪುವುದಿಲ್ಲ. ಅಂಥವರ ಊರಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ಗಂಟೆಯಲ್ಲಿ, ಎರಡು ಸಾವಿರ ಮಂದಿ ತಮ್ಮ ತಮ್ಮ ದನಿಯಿಂದ ತಮ್ಮ ತಮ್ಮ ಫೋನು ತೆರೆದರೆ ಅದೊಂದು ದಾಖಲೆ. ಯಾವುದೋ ದೇಶದ ಹಳೆಯ ದಾಖಲೆ ಸಾವಿರದ ಒಂಬೈನೂರಕ್ಕೆ ತುಸು ಮೇಲಿತ್ತು. ಅದನ್ನು ಮುರಿದರೆ ಕಂಪನಿಯ ಹೆಸರು ಎಲ್ಲ ಕಡೆ ಬರುತ್ತದೆ, ಶಹಾಪುರದ ಹೆಸರೂ ಬರುತ್ತದೆ.

ನನ್ನನ್ನು ಸಾಕ್ಷಿಯಾಗಿ ಕರೆದವಳು ಎದುರು ಮನೆಯ ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಹತ್ತಿ ಬಿಡಿಸುವ ಹೆಂಗಸರ ಸಂಘಗಳನ್ನೆಲ್ಲ ಕಟ್ಟಿ ಒಟ್ಟಿಗೆ ಹಿಡಿದವಳು. ಅವಳು ಒಂದು ಮಾತು ಅಂದರೆ ದೋರನಹಳ್ಳಿಯಿಂದ ಟೆಂಪೋ ತುಂಬಿ ಮಂದಿ ಬರುತ್ತಾರೆ. ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಳು:

"ದಾಖಲೆ ಆತಂದ್ರ ಕಂಪನ್ಯಾವ್ರು ಇಲ್ಲೇ ಒಂದು ಸೆಂಟರ್ ತೆಗೀತಾರಂತ. ಮೂವತ್ತ ಮಂದಿ ಹೆಣ್ಮಕ್ಕಳಿಗೆ ಕೆಲಸ. ಫ್ಯಾನಿನ ಕೆಳಗ ಕುರ್ಚಿ ಮ್ಯಾಲ ಕುಂತು ದನಿ ಕೇಳಿ ಸರಿ ತಪ್ಪು ಹೇಳೂದು. ಬಿಸಲಾಗ ಬಗ್ಗೂದಿಲ್ಲ."

"ಬಾಯಿ ಮಾತೇನು, ಬರದ ಕೊಟ್ಟಾರೇನು?" ಅಂದೆ.

"ನೀವೊಬ್ರು! ಎಲ್ಲಾದಕ್ಕೂ ಕಾಗದ ಕೇಳ್ತೀರಿ. ದಾಖಲೆ ಆಗ್ಲಿ, ಆಮ್ಯಾಲ ಕಾಗದ." ಹೀಗೆಂದು ಬಲಗೈ ಹೆಬ್ಬೆಟ್ಟನ್ನು ನನ್ನ ಮುಂದೆ ಹಿಡಿದಳು. ಹುಣಸೆ ಬೀಜದ ಹಾಗೆ ನುಣ್ಣಗಿತ್ತು. "ಇದರಾಗ ಏನರ ಕಾಣ್ತದೇನು? ಹೋದ ತಿಂಗಳ ನಾಕ್ ಸಲ ತಿರಿಗಿ ಬಂದೀನಿ. ನನ್ನ ದನಿ ಅಂತೂ ಸವದಿಲ್ಲ."

ಸಾಕ್ಷಿಗಳು ಕಂಪನಿಗೆ ಸಂಬಂಧಪಡದವರು ಆಗಿರಬೇಕೆಂಬ ನಿಯಮವಿತ್ತು. ಗೆರೆ ಎಳೆದದ್ದಕ್ಕೆ ಕಂಪನಿಯ ಹಣ ಮುಟ್ಟದ ನಾನೊಬ್ಬ, ಕಾಲೇಜಿನ ಉಪನ್ಯಾಸಕರೊಬ್ಬರು. ಅವರಿಗೆ ಮೊದಲ ಇಪ್ಪತ್ತೈದು ಸಾಲು, ನನಗೆ ಉಳಿದ ಇಪ್ಪತ್ತೈದು, ಅಂದರೆ ಸಾವಿರ ಚೌಕ.

"ಎಣಿಸಾಕ ಹೇಳಿದ್ರ ಎಣಿಸಿದ್ದನ್ನ ಬರೀತೀನಿ ನೋಡ್ರಿ," ಅಂದೆ.

"ಬರೀರಿ. ಯಾರ್ ಬ್ಯಾಡಂದ್ರು? ಒಂದು ಚೌಕ ಖಾಲಿ ಬಿಡಂಗಿಲ್ಲ ನಾ."

ಈ ಮಾತನ್ನು ಆಮೇಲೆ ನಾವಿಬ್ಬರೂ ಎಷ್ಟು ಸಲ ನೆನಪಿಸಿಕೊಂಡೆವೋ ನನಗೆ ಗೊತ್ತಿಲ್ಲ. ನಾನು ನೆನೆದದ್ದು ಗೊತ್ತು.

ಕಾರ್ಯಕ್ರಮ ಬೆಳಿಗ್ಗೆ ಒಂಬತ್ತಕ್ಕೆ ಎಂದು ಹೇಳಿದ್ದರು. ಎಂಟೂವರೆಗೇ ಎರಡು ಸಾವಿರ ಚೌಕವೂ ತುಂಬಿದ್ದವು. ಮುಖ್ಯ ಅತಿಥಿ ಬಂದದ್ದು ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ. ಅಷ್ಟು ಹೊತ್ತು ಸಿಮೆಂಟಿನ ಮೇಲೆ, ಬಿಸಿಲಲ್ಲಿ, ಹೆಂಗಸರೇ ಹೆಚ್ಚಾಗಿದ್ದ ಆ ಜನ ಕೂತರು. ಶಾಮಿಯಾನ ವೇದಿಕೆಗೆ ಮಾತ್ರ ಇತ್ತು. ನೀಲಿ ಅಂಗಿಯ ಕಂಪನಿಯ ಮ್ಯಾನೇಜರು ಮೈಕಿನಲ್ಲಿ ಮತ್ತೆ ಮತ್ತೆ, "ಯಾರೂ ಎದ್ದೇಳಬಾರ್ದು, ಪ್ಲೀಸ್, ಬಾಕ್ಸ್ ಬಿಟ್ಟು ಹೋಗಬಾರ್ದು," ಎನ್ನುತ್ತಿದ್ದ. ಅವನ ಮಾತು ದಕ್ಷಿಣದ ಕಡೆಯದು. ಮೂವತ್ತನೇ ಸಾಲಿನ ಹೆಂಗಸೊಬ್ಬಳು ಗಟ್ಟಿಯಾಗಿ, "ಮೂತ್ರಕ್ಕೂ ಇಲ್ಲೇ ಬಾಕ್ಸಿನಾಗ ಕುಂದ್ರಬೇಕೇನೋ ತಮ್ಮಾ?" ಎಂದಳು. ಸುತ್ತಲಿನವರು ನಕ್ಕರು. ಅವನಿಗೆ ತಿಳಿಯಲಿಲ್ಲ, ಅವನೂ ನಕ್ಕ.

ನಿಯಮ ಹೀಗಿತ್ತು. ಒಂದು ಗಂಟೆಯಲ್ಲಿ ಮೂರು ಸಲ ಸೀಟಿ ಊದುತ್ತಾರೆ: ಮೊದಲಿಗೆ, ನಡುವೆ, ಕೊನೆಗೆ. ಪ್ರತಿ ಸಲ ಎಲ್ಲರೂ ತಮ್ಮ ಫೋನಿಗೆ "ಇದು ನನ್ನ ದನಿ, ಇದು ನನ್ನ ಗುರುತು" ಎನ್ನಬೇಕು. ಫೋನಿನ ಪರದೆ ಹಸಿರಾಗಬೇಕು. ಮೂರೂ ಸಲ ತಮ್ಮ ಚೌಕದಲ್ಲಿ ಇದ್ದವರನ್ನು ಮಾತ್ರ ಎಣಿಸಬೇಕು. ನಡುವೆ ಎದ್ದುಹೋದವರು ಲೆಕ್ಕಕ್ಕಿಲ್ಲ. ಇದನ್ನು ನನಗೆ ಅಚ್ಚು ಮಾಡಿ ಕೊಟ್ಟಿದ್ದರು. ಹೆಂಗಸರಿಗೆ ಮೈಕಿನಲ್ಲಿ ಹೇಳಿದ್ದರು.

ಮೊದಲ ಸೀಟಿಗೆ ನನ್ನ ಸಾವಿರ ಚೌಕದಲ್ಲಿ ಸಾವಿರ ಮಂದಿ ಇದ್ದರು. ಸಾಲು ಸಾಲು ನಡೆದು ಎಣಿಸಿದೆ. ಎರಡು ಸಾವಿರ ಬಾಯಿಂದ ಒಂದೇ ಮಾತು ಎದ್ದಾಗ ಅಂಗಳದ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ನನಗೂ ಮೈ ಜುಂ ಎಂದಿತು. ಅದನ್ನು ಮುಚ್ಚಿಡುವುದಿಲ್ಲ.

ಹದಿನೈದು ನಿಮಿಷ ಕಳೆದಿರಬೇಕು. ಮೂವತ್ತಾರನೇ ಸಾಲಿನಲ್ಲಿ ಯಾರದೋ ಫೋನು ರಿಂಗಾಯಿತು. ಆಕೆ ಕೇಳಿ, ಕೈ ತಲೆಯ ಮೇಲೆ ಇಟ್ಟು, "ನೀರು ಬಂದಾವಂತ!" ಎಂದಳು.

ಮಾರುಕಟ್ಟೆಯ ಹಿಂದಿನ ಓಣಿಗಳಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಬಂದರೆ ಅರ್ಧ ಗಂಟೆ. ಆ ಅರ್ಧ ಗಂಟೆ ತಪ್ಪಿದರೆ ಇನ್ನೊಂದು ವಾರ. ಕಾರ್ಯಕ್ರಮ ಹೇಳಿದ ಹೊತ್ತಿಗೆ ನಡೆದಿದ್ದರೆ ಅವರೆಲ್ಲ ಆಗಲೇ ಮನೆಯಲ್ಲಿರುತ್ತಿದ್ದರು.

"ನೀರು ಬಂದಾವ, ನೀರು ಬಂದಾವ" ಎಂಬುದು ಸಾಲಿನಿಂದ ಸಾಲಿಗೆ ಹೋಯಿತು. ಆ ಓಣಿಗಳ ಹೆಂಗಸರು ಎದ್ದರು. ಓಡುವ ಮುನ್ನ ಪ್ರತಿಯೊಬ್ಬಳೂ ಎರಡು ಕೆಲಸ ಮಾಡಿದಳು. ಫೋನನ್ನು ಪಕ್ಕದವಳ ಮಡಿಲಿಗೆ ಹಾಕಿದಳು. ಚಪ್ಪಲಿಯನ್ನು ಕಳಚಿ ತನ್ನ ಚೌಕದ ನಡುವೆ, ಜೋಡಿಯಾಗಿ, ವೇದಿಕೆಯ ಕಡೆ ಮುಖ ಮಾಡಿ ಇಟ್ಟಳು. ಆಮೇಲೆ ಕಾದ ಸಿಮೆಂಟಿನ ಮೇಲೆ ಬರಿಗಾಲಿನಲ್ಲಿ ಓಡಿದಳು.

ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರೇಷನ್ ಅಂಗಡಿ, ಗ್ಯಾಸು, ಬ್ಯಾಂಕು, ಸರಕಾರಿ ದವಾಖಾನೆ, ಎಲ್ಲಿ ಸಾಲಿದೆಯೋ ಅಲ್ಲಿ ಚಪ್ಪಲಿ ಇಟ್ಟು ಹೋದರೆ ಜಾಗ ಇಟ್ಟವರದು. ಯಾರೂ ಅದನ್ನು ದಾಟುವುದಿಲ್ಲ. ಸಾಲು ಮುಂದೆ ಸರಿದರೆ ಹಿಂದಿನವರು ಚಪ್ಪಲಿಯನ್ನೂ ಕಾಲಿಂದ ಮುಂದೆ ಸರಿಸುತ್ತಾರೆ. ಸುರಪುರದ ನೋಂದಣಿ ಕಚೇರಿಯ ಮುಂದೆ ನನ್ನ ಚಪ್ಪಲಿ ನನ್ನ ಪರವಾಗಿ ಎಷ್ಟೋ ಬೆಳಗುಗಳನ್ನು ನಿಂತು ಕಳೆದಿದೆ. ನಾನು ಚಹಾ ಕುಡಿದು ಬಂದು ಅದರಲ್ಲಿ ಕಾಲು ತೂರಿಸಿದ್ದೇನೆ. ಒಬ್ಬರೂ ತಕರಾರು ತೆಗೆದದ್ದಿಲ್ಲ.

ಎರಡನೇ ಸೀಟಿ ಊದಿದರು. ನಾನು ಇಪ್ಪತ್ತಾರನೇ ಸಾಲಿನಿಂದ ಎಣಿಸತೊಡಗಿದೆ. ಮೂವತ್ತೆಂಟನೇ ಸಾಲಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಡಿಲಲ್ಲಿ ಏಳು ಫೋನುಗಳಿದ್ದವು. ಒಂದೊಂದನ್ನೇ ಬಾಯಿಯ ಹತ್ತಿರ ಹಿಡಿದು ಹೇಳುತ್ತಿದ್ದಳು: ಇದು ನನ್ನ ದನಿ, ಇದು ನನ್ನ ಗುರುತು. ಒಂದೊಂದೂ ಹಸಿರಾಯಿತು. ನಾನು ನಿಂತೆ. ಏಳೂ ಹಸಿರಾಗುವುದನ್ನು ನೋಡಿದೆ.

"ಯವ್ವಾ, ಇವು ಯಾರವು?"

"ನಮ್ಮ ಓಣ್ಯಾವ್ರವ್ರಿ. ನೀರಿಗೆ ಹೋಗ್ಯಾರ. ಚಪ್ಪಲಿ ಅದಾವಲ್ರಿ ಇಲ್ಲೇ."

"ನಿಮ್ಮ ದನಿಗೆ ಅವರ ಫೋನ್ ತೆಗೀತದೇನು?"

"ತೆಗೀತಲ್ರಿ ಮತ್ತ! ಬಾಳ ಶಾಣ್ಯಾ ಅದ ಇದು. ಯಾರು ಹೇಳಿದ್ರೂ ಹೂಂ ಅಂತದ." ಅವಳಿಗೆ ಹೆಮ್ಮೆಯಿತ್ತು.

ನನ್ನ ಭಾಗದಲ್ಲಿ ಚಪ್ಪಲಿ ಮಾತ್ರ ಇದ್ದ ಚೌಕಗಳು ನೂರಾ ಮೂವತ್ತೇಳು. ಎರಡು ಸಲ ಎಣಿಸಿದೆ. ಉಪನ್ಯಾಸಕರ ಭಾಗದಲ್ಲೂ ಚಪ್ಪಲಿಗಳಿದ್ದವು. ನಾನು ಅವನ್ನು ಎಣಿಸಿಲ್ಲ, ಆದ್ದರಿಂದ ಎಷ್ಟೆಂದು ಹೇಳುವುದಿಲ್ಲ.

ಮೂರನೇ ಸೀಟಿಯ ಹೊತ್ತಿಗೆ ಅವರೆಲ್ಲ ಬಂದಿದ್ದರು. ಸೀರೆಯ ಅಂಚು ಒದ್ದೆ, ಕಾಲು ಒದ್ದೆ. ನಾನೆಳೆದ ಸುಣ್ಣದ ಗೆರೆಗಳ ಮೇಲೆ ಒದ್ದೆ ಹೆಜ್ಜೆಗಳು ಬಿದ್ದು, ನೋಡುತ್ತಿದ್ದಂತೆಯೇ ಒಣಗಿದವು. ಮತ್ತೆ ಎರಡು ಸಾವಿರ ಬಾಯಿಂದ ಅದೇ ಮಾತು. ಈ ಸಲ ಪಾರಿವಾಳಗಳು ಇರಲಿಲ್ಲ.

ವೇದಿಕೆಯ ಪಕ್ಕ ಮೇಜು ಹಾಕಿದ್ದರು. ಮ್ಯಾನೇಜರು ತನ್ನ ಪರದೆ ತೋರಿಸಿದ. ಮೂರು ಸಲವೂ ಎರಡು ಸಾವಿರ, ಒಂದೂ ಕಡಿಮೆಯಿಲ್ಲ. ಉಪನ್ಯಾಸಕರು ತಮ್ಮ ಹಾಳೆಯಲ್ಲಿ ಸಾವಿರ ಎಂದು ಬರೆದು ದಸ್ಕತ್ತು ಹಾಕಿ ಎಳನೀರು ಕುಡಿಯುತ್ತಿದ್ದರು. ನಾನು ಎಂಟುನೂರಾ ಅರವತ್ತಮೂರು ಎಂದು ಬರೆದೆ. ಅದರ ಕೆಳಗೆ, ನೂರಾ ಮೂವತ್ತೇಳು ಚೌಕಗಳಲ್ಲಿ ಎರಡನೇ ಸೀಟಿಗೆ ಚಪ್ಪಲಿ ಇತ್ತು, ಮನುಷ್ಯರಿರಲಿಲ್ಲ ಎಂದು ಬರೆದೆ. ಅವರ ಫೋನುಗಳು ಬೇರೆಯವರ ದನಿಗೆ ತೆರೆದವು ಎಂದು ಬರೆದೆ. ಮೂರನೇ ಸೀಟಿಗೆ ಎಲ್ಲರೂ ಇದ್ದರು ಎಂದೂ ಬರೆದೆ.

ಮ್ಯಾನೇಜರು ಓದಿದ. ಅವನ ಮುಖದಲ್ಲಿದ್ದ ನಗೆ ಎಲ್ಲಿಗೆ ಹೋಯಿತೋ.

"ಸರ್, ಇಷ್ಟೆಲ್ಲ ಯಾರು ಕೇಳಿದ್ರು ನಿಮ್ಮನ್ನ? ಒಂದು ನಂಬರ್ ಹಾಕಿ ಸೈನ್ ಮಾಡೋದು ಅಷ್ಟೇ ತಾನೆ?"

"ನಂಬರ್ ಹಾಕೀನಲ್ರಿ."

"ಇವರೇನು ಓದಿದವರಾ, ರೂಲ್ಸ್ ಗೊತ್ತಿರೋಕೆ? ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಬೇಕಿತ್ತು."

ಅಷ್ಟರಲ್ಲಿ ಎದುರು ಮನೆಯ ಅಕ್ಕ ಬಂದಳು. ಕೊರಳಲ್ಲಿ ಕಂಪನಿ ಕೊಟ್ಟ ಗುರುತಿನ ಪಟ್ಟಿ, ಹಣೆಯ ಮೇಲೆ ಬೆವರಿಗೆ ಹರಡಿದ ಕುಂಕುಮ. ಹಿಂದೆ ಐವತ್ತು ಅರವತ್ತು ಹೆಂಗಸರು, ಕೆಲವು ಗಂಡಸರು.

"ಏನ್ ಕಡಿಮಿ ಬಿತ್ತಂತ?"

"ನೂರಾ ಮೂವತ್ತೇಳು."

"ಯಾವು ಅವು?"

"ಚಪ್ಪಲಿ ಇದ್ದ ಚೌಕ."

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದ್ದು ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಚಪ್ಪಲಿ ಇತ್ತಲ್ರಿ ಮತ್ತ?"

"ಚಪ್ಪಲಿ ಇತ್ತು. ಮನುಷ್ಯಾ ಇರಲಿಲ್ಲ."

"ಹಿಂಗೂ ಇರ್ತದೇನ್ರಿ? ಚಪ್ಪಲಿ ಇದ್ದಲ್ಲಿ ಅಕಿ ಇದ್ದಂಗ. ನೀವು ಬ್ಯಾರೆ ಊರಿಂದ ಬಂದವ್ರಂಗ ಮಾತಾಡಾಕತ್ತೀರಲ್ಲ! ನೀವು ಚಪ್ಪಲಿ ಇಟ್ಟಿಲ್ಲೇನು ಎಲ್ಲೂ?"

"ಇಟ್ಟೀನಿ."

"ಮತ್ತ?"

ಅವಳು ದನಿ ತಗ್ಗಿಸಿದಳು. "ಅಣ್ಣಾರ, ಮೂವತ್ತ ಮಂದಿ ಕೆಲಸ ಅದ ಆ ಹಾಳ್ಯಾಗ. ನನ್ನ ಮುಖಾ ನೋಡ್ರಿ. ಹರದ ಹಾಕ್ರಿ, ಇನ್ನೊಂದು ಬರೀರಿ."

ಇದುವರೆಗೆ ಯಾರಿಗೂ ಹೇಳದ ಮಾತನ್ನು ಇಲ್ಲಿ ಬರೆಯುತ್ತೇನೆ. ನಾನು ಇನ್ನೊಂದು ಹಾಳೆ ಕೇಳಿದೆ. ಮ್ಯಾನೇಜರು ತಕ್ಷಣ ಕೊಟ್ಟ. ಮೇಜಿನ ಮೇಲೆ ಬಗ್ಗಿ 'ಒಂದು' ಎಂದು ಬರೆದೆ. 'ಸಾವಿರ' ಎಂದು ಬರೆಯುವ ಮೊದಲು ಕೈ ನಿಂತಿತು. ಸತ್ಯದ ಬಲ ಅಂತಲ್ಲ. ಆ ಮುದುಕಿಯ ಮಡಿಲಿನ ಏಳು ಹಸಿರು ಪರದೆಗಳು ಕಣ್ಣ ಮುಂದೆ ಬಂದವು.

"ಅಕ್ಕಾ, ನಿನ್ನ ಫೋನು ಇವರ ಕೈಯಾಗ ಕೊಡು," ಅಂದೆ. ಮ್ಯಾನೇಜರಿಗೆ ಹೇಳಿದೆ: "ಈ ಫೋನಿಗೆ ನಿಮ್ಮ ದನಿಲೆ ಹೇಳ್ರಿ ನೋಡೋಣ."

ಅವನು ಮುಟ್ಟಲಿಲ್ಲ. ಅತ್ತಿತ್ತ ನೋಡಿ ನನ್ನ ಕಡೆ ಬಾಗಿ ಹೇಳಿದ: "ಸರ್, ಇವತ್ತೊಂದಿನ ಸೆಟ್ಟಿಂಗ್ ಲೂಸ್ ಇಟ್ಟಿದೀವಿ. ಇಷ್ಟು ಜನರ ಮುಂದೆ ಯಾರಿಗೂ ಫೇಲ್ ಆಗ್ಬಾರ್ದಲ್ಲ. ನಾಳೆಯಿಂದ ಟೈಟ್ ಮಾಡ್ತೀವಿ."

"ಅಂದ್ರ ಇವತ್ತ ಯಾರ ದನಿಗೂ ತೆಗೀತದ."

"ಇವತ್ತು ಅಷ್ಟೇ, ಸರ್."

ನಾನು ಅಕ್ಕನ ಕಡೆ ತಿರುಗಿದೆ. "ಕೇಳಿದೇನು? ನಿನ್ನ ದನಿ ಅಂತ ಇದಕ್ಕ ಗೊತ್ತಾಗೇ ಇಲ್ಲ. ನಾಯಿ ಬೊಗಳಿದ್ರೂ ಹಸಿರಾಗ್ತಿತ್ತು."

ಈ ಕೊನೆಯ ಮಾತು ಆಡಬಾರದಿತ್ತು. ಅವಳ ಹಿಂದಿದ್ದವರಿಗೆ ಅದಷ್ಟೇ ಕೇಳಿಸಿತು. "ನಾಯಿ ಅಂದ್ನಲ್ಲ! ನಮಗ ನಾಯಿ ಅಂದ!" ಎಂದು ಗದ್ದಲ ಎದ್ದಿತು. ಅಕ್ಕ ಅವರನ್ನು ತಡೆಯಲಿಲ್ಲ. ನನ್ನನ್ನು ನೋಡುತ್ತ ನಿಂತಳು. ಅರ್ಧ ಬರೆದ ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಮೊದಲಿನ ಹಾಳೆಗೆ ದಸ್ಕತ್ತು ಹಾಕಿದೆ. ನನ್ನ ದಸ್ಕತ್ತಿನಂತೆ ಕಾಣಲಿಲ್ಲ ಅದು.

ಅಂಗಳದ ಮೆಟ್ಟಿಲಿಳಿಯುವಾಗ ಎಡ ಭುಜಕ್ಕೆ ಏನೋ ಬಡಿಯಿತು. ಹೆಂಗಸರ ಹವಾಯಿ ಚಪ್ಪಲಿ, ಎಡಗಾಲಿನದು, ಹಿಮ್ಮಡಿಯ ಕಡೆ ಸವೆದದ್ದು. ಒಬ್ಬ ಗಂಡಸಿನ ದನಿ ಬಂತು: "ಎಣಿಸ್ಕೋ ಮಗನ! ಇದೂ ಒಂದು!" ಎಲ್ಲರೂ ನಕ್ಕರು. ನಗೆ ಬಯ್ಗುಳಕ್ಕಿಂತ ದೊಡ್ಡದಾಗಿತ್ತು. ಉಪನ್ಯಾಸಕರು ಎಳನೀರಿನ ಕಾಯಿಯ ಒಳಗೆ ನೋಡುತ್ತಿದ್ದರು.

ಎರಡೂ ಹಾಳೆ ಕೂಡಿದರೆ ಸಾವಿರದ ಎಂಟುನೂರಾ ಅರವತ್ತಮೂರು, ದಾಖಲೆ ಆಗಲಿಲ್ಲ. ಸೆಂಟರೂ ಬರಲಿಲ್ಲ. ಸಾಕ್ಷಿಯ ವರದಿಯಿಂದ ತೊಂದರೆಯಾಯಿತು ಎಂದು ಕಂಪನಿಯವರು ಅಕ್ಕನಿಗೆ ಫೋನಿನಲ್ಲಿ ಹೇಳಿ, ಆಮೇಲೆ ಅವಳ ಫೋನು ಎತ್ತುವುದನ್ನು ಬಿಟ್ಟರು. ತುಂಬಿದ ಅಂಗಳದ ಚಿತ್ರ ಮಾತ್ರ ಅವರ ಜಾಹೀರಾತಿನಲ್ಲಿ ಬಂತು. ಅದು ಮೇಲಿನಿಂದ ತೆಗೆದ ಚಿತ್ರ. ಚಪ್ಪಲಿ ಕಾಣದಷ್ಟು ಎತ್ತರದಿಂದ ತೆಗೆದಿದ್ದರು.

ಮರುದಿನ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಒಂದು ಒಂಟಿ ಚಪ್ಪಲಿ ಇತ್ತು. ಅದರ ಮರುದಿನ ಇನ್ನೊಂದು. ಒಂಬತ್ತು ದಿನ ಒಂಬತ್ತು ಚಪ್ಪಲಿ. ಎಲ್ಲವೂ ಹೆಂಗಸರವು, ಎಲ್ಲವೂ ಗೇಟಿನ ಕಡೆಗೆ ಮುಖ ಮಾಡಿ ಇಟ್ಟವು. ನಾನು ಎಸೆಯಲಿಲ್ಲ, ಕಟ್ಟೆಯ ಕೆಳಗೆ ಒಂದು ಸಾಲಿನಲ್ಲಿ ಇಟ್ಟೆ. ನನ್ನ ಹೆಂಡತಿ, "ಇವನ್ನ ಯಾಕ ಜೋಪಾನ ಮಾಡಾಕತ್ತೀರಿ?" ಎಂದಳು.

ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾನು ಹೋದರೆ, "ಬರ್ರಿ ಅಳತಿ ಸಾಹೇಬ್ರ, ಎಷ್ಟ ಮಂದಿ ಅದೀವಿ ಹೇಳ್ರಿ, ಕಪ್ ಎಣಿಸ್ತೀರೋ ಬಾಯಿ ಎಣಿಸ್ತೀರೋ?" ಎನ್ನುವರು. ದೋರನಹಳ್ಳಿಯಲ್ಲಿ ಅಳತೆಗೆ ದಿನ ಕೊಟ್ಟಿದ್ದ ಇಬ್ಬರು ಬರಬೇಡಿರೆಂದರು. ಗುರುಮಠಕಲ್ ಕಡೆ ಯಾರಿಗೂ ಈ ಕಥೆ ಗೊತ್ತಿರಲಿಲ್ಲ, ಅಲ್ಲಿ ಕೆಲಸ ಸಿಕ್ಕಿತು. ಎಳ್ಳಮಾವಾಸ್ಯೆಯ ಹಬ್ಬಕ್ಕೆ ಎದುರು ಮನೆಯಿಂದ ಕಾಳು-ತರಕಾರಿಯ ಭಜ್ಜಿ, ಸಜ್ಜೆ ರೊಟ್ಟಿ ಬಾರದ ವರ್ಷ ನನಗೆ ನೆನಪಿಲ್ಲ. ಆ ವರ್ಷ ಬರಲಿಲ್ಲ. ಅಕ್ಕ ಬಾಗಿಲಿಗೆ ನೀರು ಹಾಕುವಾಗ ನಾನು ಹೊರಗೆ ಬಂದರೆ, ಅರ್ಧ ಹಾಕಿದ ನೀರು ಅರ್ಧಕ್ಕೇ ಬಿಟ್ಟು ಒಳಗೆ ಹೋಗುತ್ತಿದ್ದಳು.

ಯಾವ ಸಾಲಿನಲ್ಲೂ ನಾನು ಚಪ್ಪಲಿ ಇಡುವ ಹಾಗಿರಲಿಲ್ಲ. ಒಮ್ಮೆ ದವಾಖಾನೆಯಲ್ಲಿ ಇಟ್ಟು ಹೋಗಿ ಬಂದಾಗ ಅವು ಗೋಡೆಯಾಚೆ ಬಿದ್ದಿದ್ದವು. "ಚಪ್ಪಲಿಗೆ ಲೆಕ್ಕಿಲ್ಲಂತಲ್ರಿ, ನೀವ ಬರದೀರಿ," ಎಂದು ಒಬ್ಬ ಸಮಾಧಾನವಾಗಿ ಹೇಳಿದ. ಆಮೇಲಿಂದ ನಾನು ನಿಂತೇ ಇರುತ್ತೇನೆ.

ಹಾಗೆ ನಿಂತ ಒಂದು ಬೆಳಿಗ್ಗೆ, ನಮ್ಮ ಓಣಿಯ ರೇಷನ್ ಅಂಗಡಿಯ ಮುಂದೆ. ನನ್ನ ಮುಂದೆ ಮನುಷ್ಯರಿರಲಿಲ್ಲ, ಒಂದು ಜೋಡಿ ಚಪ್ಪಲಿ ಇತ್ತು. ಬಲಗಾಲಿನ ಪಟ್ಟಿಯನ್ನು ನೀಲಿ ದಾರದಿಂದ ಹೊಲಿದಿದ್ದರು. ಅಕ್ಕನವು. ಅವುಗಳ ಮುಂದೆ ಹನ್ನೆರಡು ಮಂದಿ. ಸಾಲು ಒಂದು ಹೆಜ್ಜೆ ಸರಿಯಿತು.

ಹಿಂದಿನಿಂದ ಒಬ್ಬ ಹೇಳಿದ: "ಹೋಗ್ರಲ್ಲ ಸಾಹೇಬ್ರ ಮುಂದ. ನಿಮ್ಮ ಮುಂದ ಮನುಷ್ಯಾ ಎಲ್ಲದಾರ? ಖಾಲಿ ಅದ ಚೌಕ." ಇನ್ನಿಬ್ಬರು ನಕ್ಕರು. ಎಲ್ಲರೂ ನನ್ನ ಕಾಲನ್ನು ನೋಡುತ್ತಿದ್ದರು.

ಕಾಲಿಂದ ಸರಿಸುವುದು ರೂಢಿ. ನನಗೆ ಕಾಲು ತಾಗಿಸಲು ಆಗಲಿಲ್ಲ. ಬಗ್ಗಿ, ಕೈಯಿಂದ ಎತ್ತಿ, ಒಂದು ಹೆಜ್ಜೆ ಮುಂದೆ ಇಟ್ಟೆ. ಸಾಲು ಸರಿದಂತೆಲ್ಲ ಹಾಗೆ ಮಾಡಿದೆ. ಹನ್ನೊಂದು ಸಲ ಬಗ್ಗಿದೆ. ಮೂರನೇ ಸಲದ ಹೊತ್ತಿಗೆ ಹಿಂದಿನವರು ನಗುವುದನ್ನು ನಿಲ್ಲಿಸಿದರು.

ಅಕ್ಕ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ನನ್ನನ್ನು ನೋಡದೆ ಚಪ್ಪಲಿ ಮೆಟ್ಟಿದಳು. ಅವಳ ಪಾಳಿ ಬಂತು. ಹೆಬ್ಬೆಟ್ಟು ಇಟ್ಟಳು. ಮಷಿನ್ ಕೆಂಪಾಯಿತು. ಒರೆಸಿ ಇಟ್ಟಳು. ಕೆಂಪು. ತಲೆಯ ಎಣ್ಣೆ ಹಚ್ಚಿ ಇಟ್ಟಳು. ಕೆಂಪು.

"ಬರವಲ್ದು ಯಕ್ಕಾ. ನಾಳಿ ಬಾ," ಎಂದ ಅಂಗಡಿಯವನು.

ಅವಳು ತಿರುಗಿದಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟಳು.

"ಇದನ್ನೂ ಬರೀರಿ ಅಣ್ಣಾರ. ಚಪ್ಪಲಿನೂ ಅದಾವ, ಮನುಷ್ಯಾಳೂ ನಿಂತಾಳ. ಆದ್ರೂ ಇಲ್ಲ ಅಂತದ. ಬರೀರಿ."

ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಬರೆಯಬೇಕಾದ್ದು ಇನ್ನೊಂದಿದೆ. ಅವಳ ಹಿಂದೆ ನನ್ನ ಪಾಳಿ. ನಾನು ಹೆಬ್ಬೆಟ್ಟು ಇಟ್ಟೆ. ಒಂದೇ ಸಲಕ್ಕೆ ಹಸಿರಾಯಿತು.